ಹೈರಮ್ ಜಾನ್ಸನ್ ಬಿಟ್ಟುಹೋದ ಮತಪತ್ರ: ಕ್ಯಾಲಿಫೋರ್ನಿಯಾದ ನೇರ ಪ್ರಜಾಪ್ರಭುತ್ವ ಬಂದ ದಾರಿ

2025ರ ನವೆಂಬರ್ 4ರಂದು ಕ್ಯಾಲಿಫೋರ್ನಿಯಾದ ಮತದಾರರ ಮುಂದೆ ರಾಜ್ಯಮಟ್ಟದ ಪ್ರಶ್ನೆ ಇದ್ದದ್ದು ಒಂದೇ. ಅಮೆರಿಕದ ಪ್ರತಿನಿಧಿ ಸಭೆಯ ಕ್ಷೇತ್ರಗಳಿಗೆ ಸ್ವತಂತ್ರ ಆಯೋಗವು ಗುರುತಿಸಿದ್ದ ಗಡಿಗಳನ್ನು ಕೆಲವು ವರ್ಷಗಳ ಮಟ್ಟಿಗೆ ಬದಿಗಿಟ್ಟು, ಶಾಸಕಾಂಗವು ಸಿದ್ಧಪಡಿಸಿದ ಹೊಸ ನಕ್ಷೆಯನ್ನು ಬಳಸಬಹುದೇ ಎಂಬುದು ಆ ಪ್ರಶ್ನೆ. ಟೆಕ್ಸಸ್ ರಾಜ್ಯದಲ್ಲಿ ರಿಪಬ್ಲಿಕನ್ನರು ದಶಕದ ನಡುವೆಯೇ ಕ್ಷೇತ್ರಗಳನ್ನು ಮರುವಿಂಗಡಿಸಿದ್ದಕ್ಕೆ ಉತ್ತರವಾಗಿ ಡೆಮಾಕ್ರಟರು ಮುಂದಿಟ್ಟ ಈ 'ಪ್ರಾಪೊಸಿಶನ್ 50' ಶೇ 60ಕ್ಕೂ ಹೆಚ್ಚು ಮತ ಪಡೆದು ಅಂಗೀಕಾರವಾಯಿತು. ಅದು ಸರಿಯೋ ತಪ್ಪೋ ಎಂಬ ವಾದ ಸಾಕಷ್ಟು ನಡೆದಿದೆ. ನನ್ನ ಕುತೂಹಲ ಇರುವುದು ಅದರ ಹಿಂದಿನ ಇನ್ನೊಂದು ಸಂಗತಿಯಲ್ಲಿ. ರಾಜ್ಯದ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತವಿದ್ದು, ಗವರ್ನರ್ ಕೂಡ ತಮ್ಮ ಪಕ್ಷದವರೇ ಆಗಿದ್ದರೂ, ಡೆಮಾಕ್ರಟರು ಈ ಕೆಲಸವನ್ನು ಸದನದೊಳಗೇ ಮುಗಿಸಲು ಸಾಧ್ಯವಿರಲಿಲ್ಲ. ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ಶಾಸಕರ ಕೈಯಿಂದ ಕಿತ್ತು ಆಯೋಗಕ್ಕೆ ಕೊಟ್ಟವರು ಮತದಾರರು. 2008ರಲ್ಲಿ ರಾಜ್ಯ ಶಾಸಕಾಂಗದ ಕ್ಷೇತ್ರಗಳಿಗೂ 2010ರಲ್ಲಿ ಕಾಂಗ್ರೆಸ್ ಕ್ಷೇತ್ರಗಳಿಗೂ ಅನ್ವಯಿಸುವಂತೆ ಜನರೇ ಸಹಿ ಸಂಗ್ರಹಿಸಿ, ಜನರೇ ಮತ ಹಾಕಿ ಸಂವಿಧಾನ ತಿದ್ದಿದ್ದರು. ಮತದಾರರು ಬರೆದುದನ್ನು ಅಳಿಸಬೇಕಾದರೆ ಮತದಾರರನ್ನೇ ಕೇಳಬೇಕು. ಈ ಕಟ್ಟಳೆಯ ಬೇರು 1911ರಲ್ಲಿದೆ, ಹೈರಮ್ ವಾರನ್ ಜಾನ್ಸನ್ ಎಂಬ ಗವರ್ನರನ ಮೊದಲ ವರ್ಷದಲ್ಲಿ.

ಕ್ಯುಪರ್ಟಿನೊ, ಸನಿವೇಲ್, ಫ್ರೀಮಾಂಟ್ ಊರುಗಳಲ್ಲಿ ನೆಲೆಸಿ ಅಮೆರಿಕದ ಪೌರತ್ವ ಪಡೆದ ಕನ್ನಡಿಗರು ಎರಡು ವರ್ಷಕ್ಕೊಮ್ಮೆ ಕೈಗೆತ್ತಿಕೊಳ್ಳುವ ದಪ್ಪನೆಯ ಮತದಾರರ ಮಾಹಿತಿ ಪುಸ್ತಿಕೆ, ಅದರಲ್ಲಿ ಸಾಲುಗಟ್ಟಿ ನಿಂತಿರುವ ಪ್ರಾಪೊಸಿಶನ್‌ಗಳು, ಪ್ರತಿಯೊಂದಕ್ಕೂ ಪರ-ವಿರೋಧದ ವಾದಗಳು, ಇವೆಲ್ಲ ಆ ಮನುಷ್ಯನ ರಾಜಕೀಯದ ಕೂಸು. ಜನರೇ ಮಸೂದೆ ಬರೆದು ಸಹಿ ಸಂಗ್ರಹಿಸಿ ಮತಕ್ಕೆ ಹಾಕುವುದು 'ಇನಿಶಿಯೇಟಿವ್'. ಶಾಸಕಾಂಗ ಮಾಡಿದ ಕಾನೂನನ್ನು ಜಾರಿಗೆ ಬರುವ ಮೊದಲೇ ತಡೆದು ಮತದಾರರ ಒಪ್ಪಿಗೆಗೆ ಒಡ್ಡುವುದು 'ರೆಫರೆಂಡಮ್'. ಆಯ್ಕೆಯಾದವರನ್ನು ಅವಧಿಗೆ ಮುನ್ನವೇ ಕೆಳಗಿಳಿಸುವುದು 'ರೀಕಾಲ್'. ಈ ಮೂರನ್ನೂ ಕಂಡುಹಿಡಿದವನು ಜಾನ್ಸನ್ ಅಲ್ಲ. ಸೌತ್ ಡಕೋಟ 1898ರಲ್ಲಿ, ಓರೆಗಾನ್ 1902ರಲ್ಲಿ ಈ ದಾರಿ ಹಿಡಿದಿದ್ದವು. ಆದರೆ ಅವನ್ನು ಒಂದು ದೊಡ್ಡ ರಾಜ್ಯದ ಆಡಳಿತದ ಬೆನ್ನೆಲುಬಿನಲ್ಲಿ ಕೂರಿಸಿದವನು ಅವನೇ.

ಜಾನ್ಸನ್ ಯಾರ ವಿರುದ್ಧ ಹೋರಾಡಿದ ಎಂಬುದನ್ನು ತಿಳಿಯದೆ ಅವನ ಪರಿಹಾರದ ಸ್ವರೂಪ ಅರ್ಥವಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕ್ಯಾಲಿಫೋರ್ನಿಯಾವನ್ನು ನಡೆಸುತ್ತಿದ್ದದ್ದು ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿ. ಗೋಧಿ, ಹಣ್ಣು, ಮರ ಯಾವುದೇ ಪೇಟೆಗೆ ಹೋಗಬೇಕಾದರೂ ಅದರ ಹಳಿಯನ್ನೇ ಹಿಡಿಯಬೇಕಿತ್ತು. ಸಾಗಣೆ ದರವನ್ನು ಕಂಪನಿಯೇ ಗೊತ್ತುಮಾಡುತ್ತಿತ್ತು. ಅದನ್ನು ನಿಯಂತ್ರಿಸಲೆಂದು 1879ರ ಸಂವಿಧಾನ ರಚಿಸಿದ ರೈಲ್ವೆ ಆಯೋಗಕ್ಕೆ ಸದಸ್ಯರನ್ನು ಜನರೇ ಚುನಾಯಿಸುತ್ತಿದ್ದರೂ ಕಂಪನಿ ಅವರನ್ನು ಸುಲಭವಾಗಿ ತನ್ನವರನ್ನಾಗಿ ಮಾಡಿಕೊಂಡಿತ್ತು. ಶಾಸಕರು, ನ್ಯಾಯಾಧೀಶರು, ಪತ್ರಿಕಾ ಸಂಪಾದಕರು ಕಂಪನಿಯ ಉಚಿತ ಪಾಸಿನಲ್ಲಿ ಓಡಾಡುತ್ತಿದ್ದರು. ಅಭ್ಯರ್ಥಿಗಳನ್ನು ಮತದಾರರಲ್ಲ, ಪಕ್ಷದ ಸಮಾವೇಶಗಳು ಆರಿಸುತ್ತಿದ್ದವು. ಆ ಸಮಾವೇಶಗಳನ್ನು ಕಂಪನಿಯ ಮುಖ್ಯ ವಕೀಲ ವಿಲಿಯಂ ಹೆರಿನ್ ಮತ್ತು ಅವನ ರಾಜಕೀಯ ವಿಭಾಗ ಆಡಿಸುತ್ತಿತ್ತು. 1906ರಲ್ಲಿ ಸಾಂಟಾ ಕ್ರೂಜ್‌ನಲ್ಲಿ ರಿಪಬ್ಲಿಕನ್ ಸಮಾವೇಶ ನಡೆದಾಗ ಒಂದು ಔತಣಕೂಟದಲ್ಲಿ ತೆಗೆದ ಛಾಯಾಚಿತ್ರ ಹೊರಬಿತ್ತು. ನಡುವೆ ಕುಳಿತಿದ್ದವನು ಸ್ಯಾನ್ ಫ್ರಾನ್ಸಿಸ್ಕೊದ ರಾಜಕೀಯ ದಳ್ಳಾಳಿ ಏಬ್ ರೂಫ್. ಅವನ ಹೆಗಲ ಮೇಲೆ ಕೈಯಿಟ್ಟು ಹಿಂದೆ ನಿಂತಿದ್ದವನು ಗವರ್ನರ್ ಹುದ್ದೆಗೆ ಆಗತಾನೆ ನಾಮನಿರ್ದೇಶನಗೊಂಡ ಜೇಮ್ಸ್ ಗಿಲೆಟ್. ಯಾರು ಯಾರನ್ನು ಆರಿಸಿದರು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಈ ವ್ಯವಸ್ಥೆ ಜಾನ್ಸನ್‌ಗೆ ಹೊರಗಿನ ಶತ್ರುವಾಗಿರಲಿಲ್ಲ, ಮನೆಯೊಳಗೇ ಇತ್ತು. ಅವನು ಹುಟ್ಟಿದ್ದು 1866ರಲ್ಲಿ, ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊದಲ್ಲಿ. ತಂದೆ ಗ್ರೋವ್ ಜಾನ್ಸನ್ ಹೆಸರಾಂತ ವಕೀಲ, ಶಾಸಕ, ಒಂದು ಅವಧಿಗೆ ಕಾಂಗ್ರೆಸ್ ಸದಸ್ಯ, ಮತ್ತು ರೈಲ್ವೆ ಕಂಪನಿಯ ನಿಷ್ಠಾವಂತ. ಬರ್ಕ್ಲಿ ವಿಶ್ವವಿದ್ಯಾಲಯದ ಓದನ್ನು ಅರ್ಧಕ್ಕೆ ಬಿಟ್ಟು ಮದುವೆಯಾದ ಹೈರಮ್, ತಂದೆಯ ಕಚೇರಿಯಲ್ಲೇ ಕಾನೂನು ಕಲಿತು, 1888ರಲ್ಲಿ ವಕೀಲನಾದ. ಕೆಲವೇ ವರ್ಷಗಳಲ್ಲಿ ಸ್ಯಾಕ್ರಮೆಂಟೊದ ಸ್ಥಳೀಯ ರಾಜಕೀಯದಲ್ಲಿ ಅಣ್ಣತಮ್ಮಂದಿರು ಒಂದು ಕಡೆ, ತಂದೆ ಇನ್ನೊಂದು ಕಡೆ ನಿಂತರು. ಕಚೇರಿ ಒಡೆಯಿತು, ಮಾತೂ ಮುರಿಯಿತು. 1902ರಲ್ಲಿ ಹೈರಮ್ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಬೇರೆಯಾಗಿ ವೃತ್ತಿ ಕಟ್ಟಿಕೊಂಡ.

ಅವನನ್ನು ರಾಜ್ಯಕ್ಕೆ ಪರಿಚಯಿಸಿದ್ದು ನ್ಯಾಯಾಲಯದಲ್ಲಿ ಹಾರಿದ ಒಂದು ಗುಂಡು. 1906ರ ಭೂಕಂಪದ ಬೆನ್ನಿಗೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭ್ರಷ್ಟಾಚಾರದ ಮೊಕದ್ದಮೆಗಳು ಶುರುವಾಗಿದ್ದವು. ಮೇಯರ್ ಯೂಜೀನ್ ಶ್ಮಿಟ್ಸ್ ಮತ್ತು ಅವನ ಹಿಂದಿದ್ದ ಏಬ್ ರೂಫ್ ಕಟಕಟೆಗೆ ಬಂದಿದ್ದರು. 1908ರ ನವೆಂಬರ್ 13ರಂದು, ನ್ಯಾಯದರ್ಶಿಯಾಗಲು ಬಂದು ತನ್ನ ಹಳೆಯ ಜೈಲುವಾಸ ಬಯಲಾಗಿ ಅವಮಾನಿತನಾಗಿದ್ದ ಒಬ್ಬಾತ, ಸರ್ಕಾರದ ಪರ ವಾದಿಸುತ್ತಿದ್ದ ಫ್ರಾನ್ಸಿಸ್ ಹೆನಿಯ ಮೇಲೆ ನ್ಯಾಯಾಲಯದಲ್ಲೇ ಗುಂಡು ಹಾರಿಸಿದ. ಹೆನಿ ಬದುಕುಳಿದರೂ ವಾದ ಮುಂದುವರಿಸುವ ಸ್ಥಿತಿಯಲ್ಲಿರಲಿಲ್ಲ. ಆ ಜಾಗಕ್ಕೆ ಬಂದವರಲ್ಲಿ ಜಾನ್ಸನ್ ಮುಖ್ಯನಾದವನು. ಒಂದು ತಿಂಗಳೊಳಗೆ, ಡಿಸೆಂಬರ್ 10ರಂದು, ರೂಫ್ ಅಪರಾಧಿ ಎಂಬ ತೀರ್ಪು ಬಂತು. 14 ವರ್ಷಗಳ ಸೆರೆವಾಸ ವಿಧಿಸಲಾಯಿತು. ಲಂಚ ಪಡೆದ ದಳ್ಳಾಳಿ ಜೈಲಿಗೆ ಹೋದ, ಲಂಚ ಕೊಟ್ಟ ದೊಡ್ಡ ಕಂಪನಿಗಳ ಅಧಿಕಾರಿಗಳು ಬಹುಮಟ್ಟಿಗೆ ತಪ್ಪಿಸಿಕೊಂಡರು. ಜಾನ್ಸನ್‌ನ ಮುಂದಿನ ಭಾಷಣಗಳಲ್ಲೆಲ್ಲ ಕಾಣುವ ಕಹಿಗೆ ಈ ಅನುಭವವೂ ಒಂದು ಕಾರಣವೆಂದು ನನಗನ್ನಿಸುತ್ತದೆ.

ಅಷ್ಟರಲ್ಲಿ ರಿಪಬ್ಲಿಕನ್ ಪಕ್ಷದೊಳಗಿನ ಸುಧಾರಕರು 1907ರಲ್ಲಿ ಲಿಂಕನ್–ರೂಸ್‌ವೆಲ್ಟ್ ಲೀಗ್ ಕಟ್ಟಿಕೊಂಡಿದ್ದರು. ಫ್ರೆಸ್ನೊದ ಸಂಪಾದಕ ಚೆಸ್ಟರ್ ರೊವೆಲ್, ಲಾಸ್ ಏಂಜಲಿಸ್‌ನ ಪತ್ರಕರ್ತ ಎಡ್ವರ್ಡ್ ಡಿಕ್ಸನ್ ಅದರ ಮುಂದಾಳುಗಳು. ಅವರ ಮೊದಲ ದೊಡ್ಡ ಗೆಲುವು 1909ರ ನೇರ ಪ್ರಾಥಮಿಕ ಚುನಾವಣಾ ಕಾನೂನು: ಅಭ್ಯರ್ಥಿಯನ್ನು ಸಮಾವೇಶದ ಬದಲು ಪಕ್ಷದ ಸಾಮಾನ್ಯ ಮತದಾರರೇ ಆರಿಸಬೇಕು. ಈ ಕಾನೂನು ಇಲ್ಲದಿದ್ದರೆ ಜಾನ್ಸನ್ ಗವರ್ನರ್ ಆಗುತ್ತಿರಲಿಲ್ಲ. 1910ರಲ್ಲಿ ಅವನು ರೈಲು ಹತ್ತದೆ ಕೆಂಪು ಮೋಟಾರು ಕಾರಿನಲ್ಲಿ ಊರೂರು ಸುತ್ತಿದ; ದೂಳುಮಯ ದಾರಿಗಳಲ್ಲಿ ಸಣ್ಣ ಊರುಗಳಿಗೂ ಹೋಗಿ, ಸದರ್ನ್ ಪೆಸಿಫಿಕ್ ಅನ್ನು ರಾಜಕೀಯದಿಂದ ಒದ್ದೋಡಿಸುತ್ತೇನೆ ಎಂಬ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ. ಬೇರೆ ವಿಷಯವೇ ಇಲ್ಲವೇ ಎಂದು ಸ್ನೇಹಿತರಿಗೂ ಅನ್ನಿಸುವಷ್ಟು ಅದು ಏಕತಾನದ ಪ್ರಚಾರ. ಆದರೆ ಕೇಳುತ್ತಿದ್ದ ರೈತನಿಗೂ ವರ್ತಕನಿಗೂ ಅದು ತಮ್ಮ ಸಾಗಣೆ ರಸೀದಿಯ ಮಾತಾಗಿತ್ತು. ಆಗಸ್ಟ್‌ನಲ್ಲಿ ಪಕ್ಷದ ಟಿಕೆಟ್ಟನ್ನೂ ನವೆಂಬರ್‌ನಲ್ಲಿ ಡೆಮಾಕ್ರಟ್ ಥಿಯೊಡೋರ್ ಬೆಲ್ ವಿರುದ್ಧ ಚುನಾವಣೆಯನ್ನೂ ಗೆದ್ದ.

1911ರ ಜನವರಿ 3ರಂದು ಮಾಡಿದ ಅಧಿಕಾರ ಸ್ವೀಕಾರದ ಭಾಷಣದಲ್ಲಿ ಜಾನ್ಸನ್ ಹೇಳಿದ ಒಂದು ಮಾತನ್ನು ಇಂದು ಅವನನ್ನು ಹೊಗಳುವವರೂ ತೆಗಳುವವರೂ ಮರೆಯುತ್ತಾರೆ. ಈ ಮೂರು ಹಕ್ಕುಗಳು ಎಲ್ಲ ರಾಜಕೀಯ ರೋಗಗಳಿಗೂ ಮದ್ದಲ್ಲ, ಆದರೆ ಬೇಕೆನಿಸಿದಾಗ ತಮ್ಮನ್ನು ತಾವು ಕಾಪಾಡಿಕೊಳ್ಳುವ ಸಾಧನವನ್ನು ಅವು ಜನರ ಕೈಗೆ ಕೊಡುತ್ತವೆ ಎಂಬ ಅರ್ಥದ ಮಾತದು. ದಿನನಿತ್ಯ ಶಾಸನ ಮಾಡುವ ಯಂತ್ರವನ್ನಾಗಿ ಅವನು ಇವನ್ನು ಕಲ್ಪಿಸಿಕೊಂಡಿರಲಿಲ್ಲ. ಶಾಸಕಾಂಗ ಮತ್ತೆ ಯಾವುದಾದರೂ ಕಂಪನಿಯ ಜೇಬು ಸೇರಿದರೆ ಗೋಡೆಯ ಮೇಲಿಂದ ಇಳಿಸಿಕೊಳ್ಳಬೇಕಾದ ಕೋವಿಯನ್ನಾಗಿ ಕಲ್ಪಿಸಿಕೊಂಡಿದ್ದ.

ಅದೇ ವರ್ಷದ ಅಕ್ಟೋಬರ್ 10ರಂದು ನಡೆದ ವಿಶೇಷ ಚುನಾವಣೆಯಲ್ಲಿ 23 ಸಂವಿಧಾನ ತಿದ್ದುಪಡಿಗಳು ಮತಕ್ಕೆ ಬಂದು 22 ಅಂಗೀಕಾರವಾದವು. ಇನಿಶಿಯೇಟಿವ್ ಮತ್ತು ರೀಕಾಲ್ ಎರಡೂ ಮೂರು ಪಟ್ಟಿಗಿಂತ ಹೆಚ್ಚಿನ ಅಂತರದಲ್ಲಿ ಗೆದ್ದವು. ರೀಕಾಲ್ ಹಕ್ಕಿನಲ್ಲಿ ನ್ಯಾಯಾಧೀಶರನ್ನೂ ಸೇರಿಸಿದ್ದು ಆ ಕಾಲದ ದೊಡ್ಡ ವಿವಾದ. ಇದೇ ಕಾರಣಕ್ಕೆ ಅಧ್ಯಕ್ಷ ಟಾಫ್ಟ್ ಕೆಲವೇ ವಾರಗಳ ಹಿಂದೆ ಅರಿಜೋನಾವನ್ನು ರಾಜ್ಯವಾಗಿ ಒಪ್ಪಿಕೊಳ್ಳುವುದನ್ನು ತಡೆದಿದ್ದರು. ಜಾನ್ಸನ್ ಹಿಂಜರಿಯಲಿಲ್ಲ, ರೈಲ್ವೆಯ ಪರ ತೀರ್ಪು ಕೊಡುತ್ತಿದ್ದ ನ್ಯಾಯಾಲಯಗಳನ್ನು ಅವನು ಬಲ್ಲವನಾಗಿದ್ದ. ಮಹಿಳೆಯರ ಮತದಾನದ ಹಕ್ಕು ಮಾತ್ರ ಕೂದಲೆಳೆಯಲ್ಲಿ, 3,587 ಮತಗಳಿಂದ, ಪಾರಾಯಿತು. ಅದಕ್ಕಾಗಿ ದುಡಿದವರು ಹಳ್ಳಿಹಳ್ಳಿಗೆ ಹೋದ ಮಹಿಳಾ ಸಂಘಟನೆಗಳು. ಗವರ್ನರ್ ಅದರ ಪರ ಪ್ರಚಾರಕ್ಕೆ ಇಳಿಯಲಿಲ್ಲ.

ಆ ವರ್ಷದ ಇನ್ನೊಂದು ಕೆಲಸ ಈ ಎಲ್ಲಕ್ಕಿಂತ ನೇರವಾಗಿ ರೈಲ್ವೆಯನ್ನು ಮಣಿಸಿತು. ಹಳೆಯ ರೈಲ್ವೆ ಆಯೋಗವನ್ನು ಐದು ಮಂದಿಗೆ ಹಿಗ್ಗಿಸಿ, ಚುನಾವಣೆಯ ಬದಲು ಗವರ್ನರ್ ನೇಮಕ ಮಾಡುವಂತೆ ಬದಲಿಸಿ, ದರ ನಿಗದಿಯ ನಿಜವಾದ ಅಧಿಕಾರ ಕೊಡಲಾಯಿತು. ವಿದ್ಯುತ್, ನೀರು, ಟೆಲಿಫೋನ್ ಕಂಪನಿಗಳೂ ಅದರ ವ್ಯಾಪ್ತಿಗೆ ಬಂದವು. ಮಹಿಳೆಯರಿಗೆ ದಿನಕ್ಕೆ ಎಂಟು ಗಂಟೆಗಳ ದುಡಿಮೆಯ ಮಿತಿ, ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರದ ಕಾನೂನು ಕೂಡ ಆಗ ಬಂದವೇ. ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ಜನರ ಕೈಗೆ ಅಧಿಕಾರ ಕೊಡುತ್ತೇನೆ ಎಂದು ಬಂದವನು, ರೈಲ್ವೆಯನ್ನು ನಿಜಕ್ಕೂ ಹದ್ದುಬಸ್ತಿಗೆ ತಂದದ್ದು ಜನರಿಂದ ಚುನಾಯಿತವಾಗುತ್ತಿದ್ದ ಒಂದು ಸಂಸ್ಥೆಯನ್ನು ನೇಮಕದ ಸಂಸ್ಥೆಯಾಗಿ ಮಾರ್ಪಡಿಸುವ ಮೂಲಕ. ಸದರ್ನ್ ಪೆಸಿಫಿಕ್ ಸೋತದ್ದು ಬಹುಮಟ್ಟಿಗೆ ಸಾಮಾನ್ಯ ಆಡಳಿತದ ಕೆಲಸದಿಂದ: ದರಪಟ್ಟಿ ಓದಬಲ್ಲ, ಲೆಕ್ಕ ಕೇಳಬಲ್ಲ, ಸಂಬಳ ಪಡೆಯುವ ಆಯುಕ್ತರಿಂದ. ನೇರ ಪ್ರಜಾಪ್ರಭುತ್ವದ ಮೂರು ಹಕ್ಕುಗಳನ್ನು ರೈಲ್ವೆಯ ವಿರುದ್ಧದ ಅಸ್ತ್ರವೆಂದು ನೆನೆಯುವಾಗ ಈ ಆಯೋಗ ನೆನಪಿನಿಂದ ಜಾರಿಹೋಗುತ್ತದೆ.

ಮುಂದಿನ ಬದುಕನ್ನು ಬೇಗ ಹೇಳಬಹುದು. 1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಜೊತೆ ಪ್ರೊಗ್ರೆಸಿವ್ ಪಕ್ಷದ ಉಪಾಧ್ಯಕ್ಷ ಅಭ್ಯರ್ಥಿ. ಕ್ಯಾಲಿಫೋರ್ನಿಯಾವನ್ನು ಅವರು ಡೆಮಾಕ್ರಟ್ ವುಡ್ರೊ ವಿಲ್ಸನ್ ವಿರುದ್ಧ ಕೇವಲ 174 ಮತಗಳಿಂದ ಗೆದ್ದರು, ದೇಶವನ್ನು ಸೋತರು. 1914ರಲ್ಲಿ ಮತ್ತೆ ಗವರ್ನರ್. 1916ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ ಅಧ್ಯಕ್ಷೀಯ ಅಭ್ಯರ್ಥಿ ಚಾರ್ಲ್ಸ್ ಹ್ಯೂಸ್ ಲಾಂಗ್ ಬೀಚ್‌ನ ಒಂದು ಹೋಟೆಲಿನಲ್ಲಿ ತಂಗಿದ್ದಾಗ ಅದೇ ಹೋಟೆಲಿನಲ್ಲಿದ್ದ ಜಾನ್ಸನ್‌ನನ್ನು ಭೇಟಿಯಾಗದೆ ಹೊರಟುಹೋದರು. ನವೆಂಬರ್‌ನಲ್ಲಿ ಜಾನ್ಸನ್ ಸುಮಾರು ಮೂರು ಲಕ್ಷ ಮತಗಳ ಅಂತರದಿಂದ ಸೆನೆಟ್‌ಗೆ ಆಯ್ಕೆಯಾದ, ಹ್ಯೂಸ್ ನಾಲ್ಕು ಸಾವಿರಕ್ಕಿಂತ ಕಡಿಮೆ ಮತಗಳಿಂದ ಕ್ಯಾಲಿಫೋರ್ನಿಯಾವನ್ನು, ಅದರೊಂದಿಗೆ ಅಧ್ಯಕ್ಷ ಪದವಿಯನ್ನು ಕಳೆದುಕೊಂಡರು. 1917ರಿಂದ ಸಾಯುವವರೆಗೆ ಸೆನೆಟರ್ ಆಗಿದ್ದ ಜಾನ್ಸನ್, ಹೂವರ್ ಅಣೆಕಟ್ಟಿಗೆ ದಾರಿಮಾಡಿದ 1928ರ ಕಾಯ್ದೆಯ ಕರ್ತೃಗಳಲ್ಲೊಬ್ಬ. ರಾಷ್ಟ್ರಗಳ ಒಕ್ಕೂಟವನ್ನು ವಿರೋಧಿಸಿದ. 1945ರ ಜುಲೈನಲ್ಲಿ ವಿಶ್ವಸಂಸ್ಥೆಯ ಸನ್ನದನ್ನು ಸೆನೆಟ್ ಸಮಿತಿಯಲ್ಲಿ ವಿರೋಧಿಸಿದ ಏಕೈಕ ಸದಸ್ಯ. ಆಗಸ್ಟ್ 6ರಂದು, ಹಿರೋಶಿಮಾದ ಮೇಲೆ ಬಾಂಬು ಬಿದ್ದ ದಿನ, ತೀರಿಕೊಂಡ. ಕೊನೆಯವರೆಗೂ ಅವನ ಸ್ವಭಾವ ಒಂದೇ: ಮಧ್ಯವರ್ತಿಗಳನ್ನು, ದೂರದ ಸಂಸ್ಥೆಗಳನ್ನು, ಒಪ್ಪಂದದ ರಾಜಕೀಯವನ್ನು ನಂಬದಿರುವುದು.

ಆ ಅಪನಂಬಿಕೆಯೇ ಅವನ ಸುಧಾರಣೆಯ ಶಕ್ತಿಯಾಗಿತ್ತು, ಅದರ ಬಿರುಕೂ ಅಲ್ಲೇ ಇತ್ತು. ಪಕ್ಷದ ದಳ್ಳಾಳಿಯನ್ನು ನಡುವಿನಿಂದ ತೆಗೆದರೆ ಮತದಾರ ಮತ್ತು ಕಾನೂನಿನ ನಡುವೆ ಯಾರೂ ಇರುವುದಿಲ್ಲ ಎಂದು ಅವನು ಭಾವಿಸಿದ್ದ. ಆದರೆ ಸಹಿ ಸಂಗ್ರಹ ಎಂಬುದು ತಾನಾಗಿ ನಡೆಯುವ ಕೆಲಸವಲ್ಲ. ಇಂದು ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನನ್ನು ಮತಕ್ಕೆ ತರಲು ಕಳೆದ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ 5ರಷ್ಟು, ಸಂವಿಧಾನ ತಿದ್ದುಪಡಿಗೆ ಶೇ 8ರಷ್ಟು ಸಹಿ ಬೇಕು. 2022ರ ಚುನಾವಣೆಯ ಲೆಕ್ಕದಲ್ಲಿ ಅದು ಕ್ರಮವಾಗಿ 5,46,651 ಮತ್ತು 8,74,641 ಸಹಿಗಳು, ಅದೂ 180 ದಿನಗಳೊಳಗೆ. ಅಂಗಡಿಗಳ ಮುಂದೆ ನಿಂತು ಸಹಿಗೆ ಇಷ್ಟೆಂದು ಹಣ ಪಡೆದು ಸಂಗ್ರಹಿಸುವ ಕಸುಬುದಾರರಿಲ್ಲದೆ ಈ ಸಂಖ್ಯೆ ಮುಟ್ಟುವುದು ಬಹಳ ಕಷ್ಟ. ಅವರಿಗೆ ಸಂಬಳ ಕೊಡುವುದನ್ನು ನಿಷೇಧಿಸುವ ಕೊಲರಾಡೊ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1988ರಲ್ಲಿ ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ ರದ್ದುಮಾಡಿತು. ಅದಕ್ಕೂ ಹತ್ತು ವರ್ಷ ಮೊದಲು, ಇಂಥ ಮತದಾನಗಳಲ್ಲಿ ಕಂಪನಿಗಳು ಹಣ ಸುರಿಯುವುದನ್ನು ರಾಜ್ಯಗಳು ತಡೆಯುವಂತಿಲ್ಲ ಎಂದೂ ಅದೇ ನ್ಯಾಯಾಲಯ ಹೇಳಿತ್ತು. ಈ ಎರಡು ತೀರ್ಪುಗಳ ನಂತರ ಬಾಗಿಲಿನ ಕೀಲಿಕೈ ಹಣವುಳ್ಳವರ ಕೈಗೆ ಹೋಯಿತೆಂದರೆ ಅದು ಉತ್ಪ್ರೇಕ್ಷೆಯಲ್ಲ.

2020ರ ಪ್ರಾಪೊಸಿಶನ್ 22 ಇದರ ನೇರ ಉದಾಹರಣೆ. ಆ್ಯಪ್ ಮೂಲಕ ದುಡಿಯುವ ಚಾಲಕರನ್ನು ನೌಕರರೆಂದು ಪರಿಗಣಿಸುವಂತೆ ಮಾಡಿದ್ದ ರಾಜ್ಯದ ಕಾನೂನಿನಿಂದ ತಪ್ಪಿಸಿಕೊಳ್ಳಲು ಊಬರ್, ಲಿಫ್ಟ್, ಡೋರ್‌ಡ್ಯಾಶ್ ಮುಂತಾದ ಕಂಪನಿಗಳು 20 ಕೋಟಿ ಡಾಲರ್‌ಗಿಂತ ಹೆಚ್ಚು ಖರ್ಚು ಮಾಡಿ ತಾವೇ ಒಂದು ಕಾನೂನನ್ನು ಬರೆದು ಗೆಲ್ಲಿಸಿಕೊಂಡವು. ರೆಫರೆಂಡಮ್‌ನ ಗತಿಯೂ ಹೀಗೆಯೇ. ಸಾಕಷ್ಟು ಸಹಿ ಬಿದ್ದೊಡನೆ ಕಾನೂನು ಮುಂದಿನ ಚುನಾವಣೆಯವರೆಗೆ ಅಮಾನತಿನಲ್ಲಿರುತ್ತದೆ. ಹೀಗಾಗಿ ಸೋಲುವ ಉದ್ಯಮವೂ ಕಾಲವನ್ನು ಕೊಂಡುಕೊಳ್ಳಬಹುದು. 2014ರಲ್ಲಿ ಸಹಿಬಿದ್ದ ಪ್ಲಾಸ್ಟಿಕ್ ಚೀಲ ನಿಷೇಧವನ್ನು ಚೀಲ ತಯಾರಕರು 2016ರ ನವೆಂಬರ್‌ವರೆಗೆ ತಡೆಹಿಡಿದರು. 2020ರ ಸುವಾಸಿತ ತಂಬಾಕು ನಿಷೇಧವನ್ನು ತಂಬಾಕು ಕಂಪನಿಗಳು 2022ರವರೆಗೆ ತಡೆದವು. ಎರಡೂ ಸಲ ಮತದಾರರು ನಿಷೇಧವನ್ನೇ ಎತ್ತಿಹಿಡಿದರು, ಆದರೆ ನಡುವಿನ ಕಾಲದ ಮಾರಾಟ ಕಂಪನಿಗಳ ಪಾಲಾಯಿತು. ರೀಕಾಲ್ ಹಕ್ಕು ಕ್ಯಾಲಿಫೋರ್ನಿಯಾದ ಗವರ್ನರ್ ಒಬ್ಬನನ್ನು ಮೊದಲ ಬಾರಿಗೆ ಇಳಿಸಿದ್ದು 2003ರಲ್ಲಿ. ಗ್ರೇ ಡೇವಿಸ್ ವಿರುದ್ಧದ ಆ ಸಹಿ ಸಂಗ್ರಹಕ್ಕೆ ವೇಗ ಬಂದದ್ದು ಕಾಂಗ್ರೆಸ್ ಸದಸ್ಯ ಡ್ಯಾರೆಲ್ ಐಸಾ ತಮ್ಮ ಹಣ ಹಾಕಿದ ಮೇಲೆ. 135 ಅಭ್ಯರ್ಥಿಗಳಿದ್ದ ಮತಪತ್ರದಲ್ಲಿ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಗೆದ್ದರು. 2021ರಲ್ಲಿ ಗ್ಯಾವಿನ್ ನ್ಯೂಸಮ್ ಅಂಥದೇ ಪ್ರಯತ್ನವನ್ನು ಶೇ 61.9 ಮತಗಳಿಂದ ಎದುರಿಸಿ ಉಳಿದರು.

ಹಾಗೆಂದು ಈ ಹಕ್ಕುಗಳನ್ನು ಮೊಟಕುಗೊಳಿಸಬೇಕೆಂದು ನಾನು ಹೇಳಲಾರೆ. ಮೊಟಕುಗೊಳಿಸಲು ಹೊರಟವರು ಯಾರು ಎಂದು ನೋಡಿದರೆ ಸಾಕು. ಓಹಾಯೊದಲ್ಲಿ 2023ರ ಆಗಸ್ಟ್‌ನಲ್ಲಿ ಶಾಸಕಾಂಗದ ಬಹುಮತವು, ನವೆಂಬರ್‌ನಲ್ಲಿ ಬರಲಿದ್ದ ಗರ್ಭಪಾತದ ಹಕ್ಕಿನ ತಿದ್ದುಪಡಿಯನ್ನು ಕಣ್ಣಮುಂದಿಟ್ಟುಕೊಂಡು, ಸಂವಿಧಾನ ತಿದ್ದುಪಡಿಗೆ ಶೇ 60 ಮತ ಬೇಕೆಂಬ ನಿಯಮ ತರಲು ಯತ್ನಿಸಿತು. ಜನ ಅದನ್ನು ತಿರಸ್ಕರಿಸಿ ಮೂರು ತಿಂಗಳ ನಂತರ ಆ ಹಕ್ಕನ್ನು ಅಂಗೀಕರಿಸಿದರು. ಅಂಥದೇ ಶೇ 60ರ ನಿಯಮ ಈಗಾಗಲೇ ಇರುವ ಫ್ಲಾರಿಡಾದಲ್ಲಿ 2024ರಲ್ಲಿ ಶೇ 57 ಮತ ಪಡೆದರೂ ಅದೇ ಹಕ್ಕಿನ ತಿದ್ದುಪಡಿ ಬಿದ್ದುಹೋಯಿತು. ಶಾಸಕಾಂಗಕ್ಕೂ ಬಹುಸಂಖ್ಯಾತ ಅಭಿಪ್ರಾಯಕ್ಕೂ ನಡುವೆ ಕಂದಕ ಬಿದ್ದಾಗ ಜಾನ್ಸನ್‌ನ ಕೋವಿ ಇಂದಿಗೂ ಕೆಲಸಕ್ಕೆ ಬರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಹಣದ ಪ್ರಶ್ನೆಗಿಂತ ಹಳೆಯದಾದ ಇನ್ನೊಂದು. ಅಧಿಕಾರವನ್ನು 'ಜನರಿಗೆ' ಕೊಟ್ಟಾಗ ಆ ಜನರೊಳಗೆ ಯಾರಿದ್ದರು? 1913ರಲ್ಲಿ ಜಾನ್ಸನ್ ಬೆಂಬಲಿಗರೇ ತುಂಬಿದ್ದ ಶಾಸಕಾಂಗವು ವಿದೇಶಿಯರ ಭೂಸ್ವಾಮ್ಯ ಕಾಯ್ದೆಯನ್ನು ತಂದಿತು. 'ಪೌರತ್ವಕ್ಕೆ ಅನರ್ಹರಾದ ವಿದೇಶಿಯರು' ಕೃಷಿಭೂಮಿಯ ಒಡೆಯರಾಗಬಾರದು, ಮೂರು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯನ್ನೂ ಪಡೆಯಬಾರದು ಎಂಬುದು ಅದರ ಸಾರ. ಜಪಾನೀಯರ ಹೆಸರು ಎಲ್ಲಿಯೂ ಇರಲಿಲ್ಲ, ಗುರಿ ಅವರೇ ಆಗಿದ್ದರು. ತಡೆಯಲು ಅಧ್ಯಕ್ಷ ವಿಲ್ಸನ್ ತಮ್ಮ ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಅವರನ್ನೇ ಸ್ಯಾಕ್ರಮೆಂಟೊಗೆ ಕಳಿಸಿದರು. ಜಾನ್ಸನ್ ಮಣಿಯದೆ ಮೇ 19ರಂದು ಸಹಿ ಹಾಕಿದ. ನಾಲ್ಕು ವರ್ಷ ಹಿಂದೆ ಅದೇ ಸದನದಲ್ಲಿ ಜಪಾನೀ ವಿರೋಧಿ ಮಸೂದೆಗಳನ್ನು ಮಂಡಿಸಿದವರಲ್ಲಿ ಅವನ ತಂದೆ ಗ್ರೋವ್ ಜಾನ್ಸನ್ ಒಬ್ಬ. ರೈಲ್ವೆಯ ವಿಷಯದಲ್ಲಿ ಮಾತು ಬಿಟ್ಟಿದ್ದ ಅಪ್ಪ ಮಗ ಈ ವಿಷಯದಲ್ಲಿ ಒಂದೇ ದಡದಲ್ಲಿದ್ದರು. ಆ ಕಾಲ ಹಾಗಿತ್ತು ಎಂದು ಹೇಳಿ ಇದನ್ನು ದಾಟಿಹೋಗಲು ನನಗೆ ಮನಸ್ಸಿಲ್ಲ; ಬೇಡವೆಂದು ಬೇಡಿಕೊಂಡವರು ಅದೇ ಕಾಲದಲ್ಲಿದ್ದರು, ಅವನ ಕಚೇರಿಯ ಬಾಗಿಲಿಗೇ ಬಂದಿದ್ದರು.

1920ರಲ್ಲಿ ಆ ಕಾಯ್ದೆಯ ಸಡಿಲ ಗಂಟುಗಳನ್ನು ಬಿಗಿಗೊಳಿಸಿ, ಗುತ್ತಿಗೆಯನ್ನೂ ಮುಚ್ಚಿದ್ದು ಶಾಸಕಾಂಗವಲ್ಲ, ಒಂದು ಇನಿಶಿಯೇಟಿವ್. ಮತದಾರರು ಅದನ್ನು ಸುಮಾರು ಮೂರು ಪಟ್ಟು ಅಂತರದಲ್ಲಿ ಗೆಲ್ಲಿಸಿದರು. ಕಾಯ್ದೆಗೆ ಗುರಿಯಾದವರು ಪೌರತ್ವವೇ ಸಿಗದವರು, ಹಾಗಾಗಿ ಅವರಿಗೆ ಆ ಮತಪತ್ರವೂ ಇರಲಿಲ್ಲ. ಅಮೆರಿಕದ ಪೌರತ್ವ ಕೋರಿದ್ದ ಭಾರತೀಯ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ 1923ರಲ್ಲಿ ಸುಪ್ರೀಂ ಕೋರ್ಟ್ ಭಾರತೀಯರೂ ಪೌರತ್ವಕ್ಕೆ ಅನರ್ಹರೆಂದು ತೀರ್ಪಿತ್ತ ಮೇಲೆ, ಇಂಪೀರಿಯಲ್ ಕಣಿವೆಯಲ್ಲೂ ಸ್ಯಾಕ್ರಮೆಂಟೊ ಕಣಿವೆಯಲ್ಲೂ ಉಳುತ್ತಿದ್ದ ಪಂಜಾಬಿ ರೈತರು ಇದೇ ಕಾಯ್ದೆಯ ಬಲೆಗೆ ಬಿದ್ದರು. ಅವರಲ್ಲಿ ಒಬ್ಬರು ದಲೀಪ್ ಸಿಂಗ್ ಸೌಂದ್. ಬರ್ಕ್ಲಿಯಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದು ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕೆ ಇಳಿದ ಅವರು ತಮ್ಮ ಹೆಸರಿನಲ್ಲಿ ಒಂದು ಎಕರೆಯನ್ನೂ ಹೊಂದುವಂತಿರಲಿಲ್ಲ. 1946ರ ಲೂಸ್–ಸೆಲ್ಲರ್ ಕಾಯ್ದೆ ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ಸೌಂದ್ 1949ರಲ್ಲಿ ಅಮೆರಿಕದ ಪ್ರಜೆಯಾದರು.

ಭೂಸ್ವಾಮ್ಯ ಕಾಯ್ದೆಯನ್ನು ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1952ರಲ್ಲಿ ಅಸಾಂವಿಧಾನಿಕವೆಂದು ಘೋಷಿಸಿದರೂ ಪುಸ್ತಕದಿಂದ ಅದನ್ನು ಅಳಿಸುವ ಅಧಿಕಾರ ಶಾಸಕಾಂಗಕ್ಕೆ ಇರಲಿಲ್ಲ, ಏಕೆಂದರೆ ಅದು ಮತದಾರರೇ ಬರೆದ ಕಾಯ್ದೆ. ಮತ್ತೆ ಮತದಾರರನ್ನೇ ಕೇಳಬೇಕಾಯಿತು. 1956ರ ನವೆಂಬರ್ 6ರ ಮತಪತ್ರದಲ್ಲಿ ಅದು 13ನೆಯ ಪ್ರಶ್ನೆಯಾಗಿ ಬಂದು ಕಾಯ್ದೆ ರದ್ದಾಯಿತು. ಅದೇ ದಿನ ಅದೇ ಮತಪೆಟ್ಟಿಗೆಗಳಿಂದ ಇಂಪೀರಿಯಲ್ ಕಣಿವೆ ಸೇರಿದ ಕ್ಷೇತ್ರದ ಪ್ರತಿನಿಧಿಯಾಗಿ, ಅಮೆರಿಕದ ಕಾಂಗ್ರೆಸ್‌ಗೆ ಆಯ್ಕೆಯಾದ ಮೊದಲ ಏಷ್ಯನ್ ಆಗಿ, ದಲೀಪ್ ಸಿಂಗ್ ಸೌಂದ್ ಗೆದ್ದು ಬಂದರು.